ಬಾಕಿ ದಂಡ ಕಟ್ಟಿದರೆ ಲೈಸೆನ್ಸ್ ವಾಪಸ್ ಬರುತ್ತಾ? ಹಳೇ ಟ್ರಾಫಿಕ್ ಕೇಸು ತೀರಿಸುವ ದಾರಿ

ಬಾಕಿ ಇರುವ ದಂಡವನ್ನೆಲ್ಲ ಒಂದೇ ಸಲ ಕಟ್ಟಿಬಿಟ್ಟರೆ ಅಮಾನತಾದ ಲೈಸೆನ್ಸ್ ತಾನಾಗಿ ಸರಿಹೋಗುತ್ತದೆ ಅಂತ ನಂಬಿಕೊಂಡವರು ನಮ್ಮ ತುಮಕೂರಿನಲ್ಲಿ ಬಹಳ ಜನ ಇದ್ದಾರೆ. ಹಾಗಾಗುವುದಿಲ್ಲ. ದಂಡ ಪೊಲೀಸರ ಲೆಕ್ಕ, ಡಿಎಲ್ (ಡ್ರೈವಿಂಗ್ ಲೈಸೆನ್ಸ್) ಆರ್‌ಟಿಒ ಲೆಕ್ಕ, ಸಮನ್ಸ್ ಬಂದಿದ್ದರೆ ಅದು ಕೋರ್ಟಿನ ಲೆಕ್ಕ. ಮೂರೂ ಕಡೆ ಕಂಪ್ಯೂಟರ್ ಇದೆ ನಿಜ, ಆದರೆ ಒಂದು ಕಡೆ ಕಟ್ಟಿದ್ದು ಇನ್ನೊಂದು ಕಡೆ ತಾನೇ ಹೋಗಿ ಕೂರುತ್ತದೆ ಅಂತ ನಂಬಿ ಕೂರಬೇಡಿ. ಯಾವ ಕೇಸು ಈಗ ಯಾರ ಕೈಯಲ್ಲಿದೆ ಅಂತ ತಿಳಿದುಕೊಂಡ ಮೇಲೆಯೇ ಜೇಬಿಗೆ ಕೈ ಹಾಕಬೇಕು.

ಕಾನೂನಿನಲ್ಲೇ ಇದು ಬಿಡಿಸಿ ಬರೆದಿದೆ. ಮೋಟಾರು ವಾಹನ ಕಾಯ್ದೆಯ 200ನೇ ಕಲಂ ಪ್ರಕಾರ ದಂಡ ಕಟ್ಟಿ ರಾಜಿ ಮಾಡಿಕೊಂಡರೆ ಆ ತಪ್ಪಿನ ಮಟ್ಟಿಗೆ ಕೋರ್ಟು ಕಚೇರಿ ಇಲ್ಲ. 2019ರ ತಿದ್ದುಪಡಿ ಅದಕ್ಕೆ ಎರಡು ಷರತ್ತು ಸೇರಿಸಿತು. ಒಂದು, ರಾಜಿಯಾಗಿ ಮುಗಿದ ತಪ್ಪನ್ನೂ ಮುಂದೆ ಅದೇ ತಪ್ಪು ಮಾಡಿದಾಗ ಮೊದಲ ಸಲದ ತಪ್ಪು ಅಂತಲೇ ಎಣಿಸುತ್ತಾರೆ. ಇನ್ನೊಂದು, ದಂಡ ಕಟ್ಟಿದರೂ ಡಿಎಲ್ ಮೇಲಿನ ಕ್ರಮ ನಿಲ್ಲುವುದಿಲ್ಲ, ತರಬೇತಿ ಮಾಡಬೇಕಾಗಿದ್ದರೆ ಅದೂ ತಪ್ಪುವುದಿಲ್ಲ. ಐನೂರು ರೂಪಾಯಿಯ ರಸೀದಿ ಇಟ್ಟುಕೊಂಡು ಮೂರು ತಿಂಗಳ ಅಮಾನತನ್ನು ಮರೆತವರು ಸಿಕ್ಕಿಬೀಳುವುದು ಈ ಎರಡನೇ ಷರತ್ತಿನಲ್ಲಿ.

ಮೊದಲು ಪಟ್ಟಿ, ಆಮೇಲೆ ಪಾವತಿ

ಆರ್‌ಸಿ ತೆಗೆದು ಗಾಡಿ ನಂಬರ್, ಚಾಸಿಸ್ ನಂಬರಿನ ಕೊನೆಯ ಐದು ಅಂಕಿ, ಇಂಜಿನ್ ನಂಬರಿನ ಕೊನೆಯ ಐದು ಅಂಕಿ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಕೆಳಗೆ ಡಿಎಲ್ ನಂಬರ್. ಇಷ್ಟಿದ್ದರೆ ಹುಡುಕಾಟ ಶುರು ಮಾಡಬಹುದು.

ಕೇಂದ್ರದ ಇ-ಚಲನ್ ಪರಿವಾಹನ್ ಪೋರ್ಟಲ್‌ನಲ್ಲಿ ಗಾಡಿ ನಂಬರ್ ಹಾಕಿ ಒಮ್ಮೆ, ಡಿಎಲ್ ನಂಬರ್ ಹಾಕಿ ಇನ್ನೊಮ್ಮೆ ನೋಡಿ. ಎರಡರಲ್ಲೂ ಒಂದೇ ಉತ್ತರ ಬರಬೇಕೆಂದಿಲ್ಲ. ಕ್ಯಾಮೆರಾ ಹಿಡಿದ ಕೇಸು ಗಾಡಿ ನಂಬರಿನ ಮೇಲೆ, ಅಂದರೆ ಮಾಲೀಕರ ಮೇಲೆ ಕೂರುತ್ತದೆ. ರಸ್ತೆಯಲ್ಲಿ ನಿಲ್ಲಿಸಿ ಡಿಎಲ್ ನೋಡಿ ಬರೆದ ಕೇಸು ಓಡಿಸುತ್ತಿದ್ದವರ ಡಿಎಲ್ ಮೇಲೆ ಕೂರಬಹುದು. ಅಣ್ಣನ ಬೈಕಿನಲ್ಲಿ ತಮ್ಮ ಸಿಕ್ಕಿಬಿದ್ದಿದ್ದರೆ ಅಣ್ಣನ ಗಾಡಿಯೂ ತಮ್ಮನ ಡಿಎಲ್ಲೂ ಎರಡನ್ನೂ ಹುಡುಕಬೇಕು.

ಆಮೇಲೆ ಕರ್ನಾಟಕ ರಾಜ್ಯ ಪೊಲೀಸ್ ಆ್ಯಪ್ ಅಥವಾ ಕರ್ನಾಟಕ ಒನ್ ನೋಡಿ. ಬೆಂಗಳೂರಿನ ಕೇಸುಗಳಿಗೆ ಬೆಂಗಳೂರು ಸಂಚಾರ ಪೊಲೀಸರ ವೆಬ್‌ಸೈಟ್, ಅಸ್ತ್ರಂ ಆ್ಯಪ್, ಬೆಂಗಳೂರು ಒನ್ ಇವೆ. ಒಂದರಲ್ಲಿ ಬಾಕಿ ಇಲ್ಲ ಅಂತ ಬಂದ ಮಾತ್ರಕ್ಕೆ ಎಲ್ಲ ಕಡೆ ಇಲ್ಲ ಅಂತಲ್ಲ. ತುಮಕೂರಿನಿಂದ ದಿನವೂ ಪೀಣ್ಯ, ಯಶವಂತಪುರದ ಕಡೆ ಗಾಡಿಯಲ್ಲೇ ಹೋಗಿ ಬರುವವರು ಬೆಂಗಳೂರಿನ ಪಟ್ಟಿಯನ್ನು ಮೊದಲು ನೋಡುವುದು ಒಳ್ಳೆಯದು. 2022ರ ಡಿಸೆಂಬರ್‌ನಲ್ಲಿ ಅಲ್ಲಿ 50 ಜಂಕ್ಷನ್‌ಗಳಿಗೆ ತಾನಾಗಿ ಕೇಸು ಬರೆಯುವ ಕ್ಯಾಮೆರಾ ಬಂದ ಮೇಲೆ, ಯಾರೂ ನಿಲ್ಲಿಸದೇ ಇದ್ದರೂ ಕೇಸು ಬೆಳೆಯುತ್ತ ಹೋಗುತ್ತದೆ. ಮೊಬೈಲ್ ನಂಬರ್ ಬದಲಾಯಿಸಿ ಗಾಡಿ ನೋಂದಣಿಯ ಪೋರ್ಟಲ್ ವಾಹನ್‌ನಲ್ಲಿ ತಿದ್ದಿಸದೇ ಇದ್ದವರಿಗೆ ಒಂದು ಮೆಸೇಜೂ ಬಂದಿರುವುದಿಲ್ಲ.

ಪಾವಗಡ, ಮಧುಗಿರಿ, ಗೌರಿಬಿದನೂರು ಕಡೆಯವರಿಗೆ ಇನ್ನೊಂದು ಮಾತು. ಹಿಂದೂಪುರಕ್ಕೆ ಹೋಗಿಬರುವಾಗ ಆಂಧ್ರ ಪೊಲೀಸರು ಬರೆದ ಕೇಸು ಕರ್ನಾಟಕದ ಪೊಲೀಸ್ ಆ್ಯಪ್‌ನಲ್ಲಿ ಕಾಣುವುದಿಲ್ಲ. ಅದನ್ನು ಆ ರಾಜ್ಯದ ಪಟ್ಟಿಯಲ್ಲೇ ಹುಡುಕಬೇಕು. ಕೋಲಾರ, ಕೆಜಿಎಫ್ ಕಡೆಯವರಿಗೆ ತಮಿಳುನಾಡಿನ ಕೇಸೂ ಹೀಗೆಯೇ.

ಆರ್‌ಟಿಒ ಇನ್‌ಸ್ಪೆಕ್ಟರ್ ಬರೆದ ಕೇಸನ್ನು ಪೊಲೀಸ್ ಠಾಣೆಯಲ್ಲಿ ಕೇಳಿ ಪ್ರಯೋಜನವಿಲ್ಲ. ಎಫ್‌ಸಿ (ಗಾಡಿಯ ಫಿಟ್‌ನೆಸ್ ಪ್ರಮಾಣಪತ್ರ) ಇಲ್ಲದ್ದು, ತೆರಿಗೆ ಬಾಕಿ, ಓವರ್‌ಲೋಡ್ ಇಂಥವು ಸಾರಿಗೆ ಇಲಾಖೆಯವು. ಗೂಡ್ಸ್ ಆಟೋ, ಲಾರಿ ಇರುವವರು ವಾಹನ್‌ನಲ್ಲಿ ಗಾಡಿ ಬ್ಲಾಕ್‌ಲಿಸ್ಟ್ ಆಗಿದೆಯೇ ನೋಡಿಕೊಳ್ಳಬೇಕು. ಆಗಿದ್ದರೆ ಹೆಸರು ಬದಲಾವಣೆಯೋ ಎಫ್‌ಸಿಯೋ ಕೌಂಟರಿನಲ್ಲೇ ನಿಲ್ಲುತ್ತದೆ, ಮತ್ತು ಅದನ್ನು ತೆಗೆಸಬೇಕಾದ್ದು ಬ್ಲಾಕ್ ಹಾಕಿದ ಕಚೇರಿಯಲ್ಲೇ. ತುಮಕೂರಿನ ಕೆಎ-06 ಗಾಡಿಗೆ ತಿಪಟೂರಿನ ಕೆಎ-44 ಕಚೇರಿ ಬ್ಲಾಕ್ ಹಾಕಿದ್ದರೆ ತಿಪಟೂರಿಗೇ ಹೋಗಬೇಕಾದೀತು. ಹೊರಡುವ ಮೊದಲೇ ಕೇಳಿಕೊಂಡರೆ ಒಂದು ದಿನ ಉಳಿಯುತ್ತದೆ.

ನೋಟಿಸನ್ನು ಓದುವ ಬಗೆ

ಪಟ್ಟಿಯಲ್ಲಿ ಹನ್ನೆರಡು ಕೇಸು ಕಂಡವೆನ್ನಿ. ಎಲ್ಲಕ್ಕೂ ಟಿಕ್ ಹಾಕಿ ಪಾವತಿಗೆ ಹೋಗಬೇಡಿ. ಒಂದೊಂದನ್ನೂ ತೆರೆಯಿರಿ. ನೋಟಿಸಿನಲ್ಲಿ ದಿನಾಂಕ, ಗಂಟೆ ನಿಮಿಷ, ಸ್ಥಳ, ಕಲಂ ಇರುತ್ತವೆ, ಜೊತೆಗೆ ಫೋಟೋ. ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ನಂಬರ್ ಪ್ಲೇಟ್ ನೋಡಿ. 8 ಮತ್ತು 0, 1 ಮತ್ತು 7, 3 ಮತ್ತು 8 ಅದಲುಬದಲಾಗುವುದು ಅಪರೂಪವಲ್ಲ. ಧೂಳು ಹಿಡಿದ ಪ್ಲೇಟು, ಅಂಕುಡೊಂಕು ಅಕ್ಷರದ ಪ್ಲೇಟು ಇದ್ದರಂತೂ ಕೆಎ-05 ಗಾಡಿಯ ತಪ್ಪು ಕೆಎ-06ರ ತಲೆಗೆ ಬರಬಹುದು. ಆಮೇಲೆ ಗಾಡಿಯ ಮಾದರಿ, ಬಣ್ಣ. ನಿಮ್ಮದು ಕಪ್ಪು ಬೈಕು, ಫೋಟೋದಲ್ಲಿರುವುದು ಕೆಂಪು ಸ್ಕೂಟರ್ ಆಗಿದ್ದರೆ ಕಟ್ಟುವ ಮಾತೇ ಇಲ್ಲ. ಆ ಫೋಟೋ, ನಿಮ್ಮ ಗಾಡಿಯ ಹಿಂದಿನ ಮತ್ತು ಪಕ್ಕದ ಫೋಟೋ, ಆರ್‌ಸಿ ಪ್ರತಿ ಸೇರಿಸಿ ಆಯಾ ಪೋರ್ಟಲ್‌ನ ದೂರು ವಿಭಾಗದಲ್ಲಿ ಹಾಕಿ. ಬೆಂಗಳೂರಿನದಾದರೆ ಇನ್‌ಫ್ಯಾಂಟ್ರಿ ರಸ್ತೆಯ ಸಂಚಾರ ನಿರ್ವಹಣಾ ಕೇಂದ್ರದಲ್ಲೂ ಕೊಡಬಹುದು. ತುಮಕೂರಿನದಾದರೆ ಸಂಚಾರ ಠಾಣೆಗೆ ಲಿಖಿತ ಅರ್ಜಿ, ಎರಡು ಪ್ರತಿ. ಒಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಂಡು ಮನೆಗೆ ತನ್ನಿ. ಬಾಯಲ್ಲಿ ಹೇಳಿ ಬಂದದ್ದಕ್ಕೆ ಬೆಲೆ ಇಲ್ಲ.

ಇಲ್ಲಿ ಆತುರ ಮಾಡಿದರೆ ಆಗುವ ನಷ್ಟ ಐನೂರು ರೂಪಾಯಿಗೆ ನಿಲ್ಲುವುದಿಲ್ಲ. ನಿಮ್ಮದಲ್ಲದ ತಪ್ಪಿಗೆ ದಂಡ ಕಟ್ಟಿದರೆ ಅದು ನಿಮ್ಮ ಮೊದಲ ತಪ್ಪಾಗಿ ದಾಖಲೆಯಲ್ಲಿ ಉಳಿಯುತ್ತದೆ.

ಇನ್ನು ಮೊತ್ತ. ಹೆಲ್ಮೆಟ್ ಇಲ್ಲದ್ದಕ್ಕೆ ಕೇಂದ್ರ ಕಾಯ್ದೆಯಲ್ಲಿ 1000 ರೂಪಾಯಿ ಇದೆ. ಕರ್ನಾಟಕ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ರಾಜಿ ದಂಡವನ್ನು ಇಳಿಸಿದಾಗ ಅದು 500 ಆಯಿತು, ಸೀಟ್ ಬೆಲ್ಟ್‌ಗೂ 500. ಆರು ಹೆಲ್ಮೆಟ್ ಕೇಸಿದ್ದರೆ 3000 ಆಗುತ್ತದೆ. ಕೋರ್ಟಿಗೆ ಹೋದ ಮೇಲೆ ಈ ಇಳಿಸಿದ ದರ ಸಿಗುತ್ತದೆ ಅಂತ ಹೇಳಲಾಗದು, ಅಲ್ಲಿ ಕಾಯ್ದೆಯಲ್ಲಿರುವ ದಂಡವನ್ನೇ ನ್ಯಾಯಾಧೀಶರು ನೋಡುತ್ತಾರೆ.

ಶೇ. 50ರ ರಿಯಾಯಿತಿಗೆ ಕಾಯುವವರು ಬಹಳ. ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಸಲಹೆಯ ಮೇಲೆ 2023ರ ಫೆಬ್ರವರಿಯಲ್ಲಿ ಮೊದಲು ಬಂತು, ಅದೇ ವರ್ಷ ಮತ್ತೆ ವಿಸ್ತರಣೆಯಾಯಿತು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಒಮ್ಮೆ, ನವೆಂಬರ್ 21ರಿಂದ ಡಿಸೆಂಬರ್ 12ರವರೆಗೆ ಇನ್ನೊಮ್ಮೆ ಕೊಟ್ಟರು. ಮುಂದಿನದು ಯಾವಾಗ ಅನ್ನುವುದು ಸರ್ಕಾರದ ಆದೇಶ ಬಂದಾಗಲೇ ತಿಳಿಯುವ ವಿಷಯ. ಪಟ್ಟಿಯಲ್ಲಿರುವುದೆಲ್ಲ ಬರೀ ಪೊಲೀಸ್ ಇ-ಚಲನ್ ಆಗಿದ್ದರೆ, ಗಾಡಿ ಮಾರುವ ಆತುರವೂ ಇಲ್ಲದಿದ್ದರೆ, ಕಾಯುವುದರಲ್ಲಿ ಅರ್ಥವಿದೆ. ಸಮನ್ಸ್ ಬಂದಿರುವ ಕೇಸಿಗೆ, ಡಿಎಲ್ ಆರ್‌ಟಿಒಗೆ ಹೋಗಿರುವ ಕೇಸಿಗೆ ರಿಯಾಯಿತಿ ಕಾಯಬೇಡಿ. ಉಳಿಯುವ ಇನ್ನೂರೈವತ್ತು ರೂಪಾಯಿಗಿಂತ ವಾರಂಟಿನ ಖರ್ಚು ಎಷ್ಟೋ ಹೆಚ್ಚು.

ಕಟ್ಟಿದ ಮೇಲೆ ಬ್ಯಾಂಕಿನಿಂದ ಹಣ ಕಡಿತವಾಗಿ ಪಟ್ಟಿಯಲ್ಲಿ ಬಾಕಿ ಅಂತಲೇ ತೋರಿಸಿದರೆ ಎರಡನೇ ಸಲ ಕಟ್ಟಬೇಡಿ. ಇ-ಚಲನ್ ಪೋರ್ಟಲ್‌ನಲ್ಲಿ ಬಾಕಿ ವಹಿವಾಟು ಪರಿಶೀಲಿಸುವ ಆಯ್ಕೆ ಇದೆ, ಚಲನ್ ನಂಬರ್ ಹಾಕಿ ಅದನ್ನು ಒತ್ತಿ. ಆಗಲೂ ಸರಿಹೋಗದಿದ್ದರೆ ಬ್ಯಾಂಕಿನ ವಹಿವಾಟು ಸಂಖ್ಯೆಯೊಂದಿಗೆ ದೂರು ಹಾಕಿ. ರಸೀದಿ ಪಿಡಿಎಫ್ ಇಳಿಸಿಕೊಂಡು ಒಂದು ಪ್ರಿಂಟೂ ಇಟ್ಟುಕೊಳ್ಳಿ.

ವಾಟ್ಸಾಪ್‌ನಲ್ಲಿ ಆರ್‌ಟಿಒ ಚಲನ್ ಅನ್ನುವ ಹೆಸರಿನ ಎಪಿಕೆ ಫೈಲ್ ಬಂದರೆ ಮುಟ್ಟಲೇಬೇಡಿ. ಯಾವ ಠಾಣೆಯೂ ಯಾವ ಆರ್‌ಟಿಒ ಕಚೇರಿಯೂ ಹಾಗೆ ಆ್ಯಪ್ ಕಳಿಸಿ ದಂಡ ಕೇಳುವುದಿಲ್ಲ. ಫೈಲ್ ಇನ್‌ಸ್ಟಾಲ್ ಆಯಿತೆಂದರೆ ಒಟಿಪಿ ಮೆಸೇಜು ಅವರ ಕೈಗೆ, ಖಾತೆ ಖಾಲಿ. ಅಕಸ್ಮಾತ್ ಒತ್ತಿಬಿಟ್ಟಿದ್ದರೆ ಮೊಬೈಲ್ ಡೇಟಾ ಆಫ್ ಮಾಡಿ, ಇನ್ನೊಂದು ಫೋನಿನಿಂದ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಹೇಳಿ.

ಕೇಸು ಕೋರ್ಟಿಗೆ ಹೋಗಿದ್ದರೆ

ಪಟ್ಟಿಯಲ್ಲಿ ಪಾವತಿ ಬಟನ್ ಇಲ್ಲದೇ ಕೋರ್ಟಿಗೆ ಕಳಿಸಲಾಗಿದೆ ಅಂತ ತೋರಿಸಿದರೆ ಎರಡು ಸಾಧ್ಯತೆ. ವರ್ಚುವಲ್ ಕೋರ್ಟ್‌ಗೆ ಹೋಗಿದ್ದರೆ ಅದರ ವೆಬ್‌ಸೈಟಿನಲ್ಲಿ ಕರ್ನಾಟಕ ಸಂಚಾರ ವಿಭಾಗ ಆರಿಸಿ ಗಾಡಿ ನಂಬರ್ ಅಥವಾ ಚಲನ್ ನಂಬರಿನಿಂದ ಹುಡುಕಿ. ಅಲ್ಲಿ ದಂಡ ಕಟ್ಟಬಹುದು, ಇಲ್ಲ ಒಪ್ಪುವುದಿಲ್ಲ ಅಂತ ಆರಿಸಬಹುದು. ಒಪ್ಪುವುದಿಲ್ಲ ಅಂದರೆ ಕೇಸು ಮಾಮೂಲಿ ಕೋರ್ಟಿಗೆ ಹೋಗುತ್ತದೆ, ನೀವು ಹೋಗಿ ನಿಲ್ಲಬೇಕಾಗುತ್ತದೆ. ಫೋಟೋ ಸಾಕ್ಷಿ ಗಟ್ಟಿಯಾಗಿ ನಿಮ್ಮ ಪರ ಇದ್ದರೆ ಮಾತ್ರ ಅದನ್ನು ಆರಿಸಿ.

ಎರಡನೆಯದು ಮ್ಯಾಜಿಸ್ಟ್ರೇಟರ ಜೆಎಂಎಫ್‌ಸಿ ಕೋರ್ಟು. ಕುಡಿದು ಓಡಿಸಿದ ಕೇಸು, ಅಂದರೆ 185ನೇ ಕಲಂ, ಠಾಣೆಯಲ್ಲಿ ಕಟ್ಟಿ ಮುಗಿಸುವಂಥದ್ದಲ್ಲ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಾಂಶ ಇದ್ದರೆ ಮೊದಲ ಸಲ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಇದಕ್ಕೆ ಕೋರ್ಟೇ ಗತಿ. ಕೇಸು ಯಾವ ಠಾಣೆಯ ಸರಹದ್ದಿನಲ್ಲಿ ಆಯಿತೋ ಅಲ್ಲಿನ ಕೋರ್ಟು, ನಿಮ್ಮ ಮನೆ ಎಲ್ಲಿದೆ ಅನ್ನುವುದು ಲೆಕ್ಕಕ್ಕಿಲ್ಲ. ಕ್ಯಾತ್ಸಂದ್ರದ ಬಳಿ ಹಿಡಿದದ್ದು ತುಮಕೂರಿಗೆ, ದಾಬಸ್‌ಪೇಟೆಯ ಬಳಿ ಹಿಡಿದದ್ದು ನೆಲಮಂಗಲಕ್ಕೆ, ಶಿರಾದಲ್ಲಿ ಹಿಡಿದದ್ದು ಶಿರಾಕ್ಕೆ.

ಹಳೇ ಕೇಸಿನಲ್ಲಿ ಆಗುವುದು ಹೀಗೆ. ಸಮನ್ಸ್ ಹಳೇ ವಿಳಾಸಕ್ಕೆ ಹೋಗುತ್ತದೆ, ಅಲ್ಲಿ ನೀವಿಲ್ಲ. ಒಂದೆರಡು ವಾಯಿದೆ ಕಳೆದ ಮೇಲೆ ಜಾಮೀನು ಸಿಗುವ ವಾರಂಟ್, ಆಮೇಲೆ ಜಾಮೀನುರಹಿತ ವಾರಂಟ್. ವರ್ಷಗಳಾದ ಮೇಲೆ ಕಡತ ಎಲ್‌ಪಿಸಿ (ಬಹುಕಾಲ ಬಾಕಿ ಉಳಿದ ಕೇಸು) ಅಂತ ಪಕ್ಕಕ್ಕೆ ಹೋಗುತ್ತದೆ, ಆದರೆ ಮುಗಿಯುವುದಿಲ್ಲ. ಕೋರ್ಟು ರದ್ದು ಮಾಡುವವರೆಗೂ ಅಥವಾ ಪೊಲೀಸರು ಜಾರಿ ಮಾಡುವವರೆಗೂ ವಾರಂಟಿಗೆ ಜೀವ ಇರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕರ್ನಾಟಕ, ಜಿಲ್ಲೆ, ಕೋರ್ಟು ಸಂಕೀರ್ಣ ಆರಿಸಿ ನಿಮ್ಮ ಹೆಸರು ಹಾಕಿ. ಹೆಸರಿನ ಸ್ಪೆಲ್ಲಿಂಗ್ ಎರಡು ಮೂರು ಥರ ಬರೆದು ನೋಡಿ, ಮಂಜುನಾಥ ಅನ್ನುವ ಹೆಸರಿಗೆ ಇಂಗ್ಲಿಷಿನಲ್ಲಿ ಕೊನೆಗೆ ಎ ಇದ್ದೂ ಇಲ್ಲದೆಯೂ ದಾಖಲಾಗಿರುತ್ತದೆ. ಸಿ.ಸಿ. ನಂಬರ್ (ಕ್ರಿಮಿನಲ್ ಕೇಸಿನ ಸಂಖ್ಯೆ) ಸಿಕ್ಕಿದರೆ ವಾರಂಟ್ ಇದೆಯೋ ಇಲ್ಲವೋ, ಮುಂದಿನ ವಾಯಿದೆ ಯಾವಾಗ ಅಂತ ಗೊತ್ತಾಗುತ್ತದೆ.

ವಾರಂಟ್ ಇದ್ದರೆ ಪೊಲೀಸರು ಬಂದು ಕರೆದೊಯ್ಯುವ ತನಕ ಸುಮ್ಮನಿರಬೇಡಿ. ವಕೀಲರ ಮೂಲಕ ವಾರಂಟ್ ರೀಕಾಲ್ (ವಾಪಸ್ ಪಡೆಯುವ) ಅರ್ಜಿ ಹಾಕಿ ನೀವಾಗಿಯೇ ಹೋಗಿ ನಿಲ್ಲಿ. ಸ್ವತಃ ಬಂದವರನ್ನು ಕೋರ್ಟು ನೋಡುವ ರೀತಿಯೇ ಬೇರೆ. ಜಾಮೀನುದಾರರು ಬೇಕಾದಾರು ಅಂತ ಒಬ್ಬರನ್ನು ಪಹಣಿ, ಆಧಾರ್ ಸಮೇತ ಸಿದ್ಧವಾಗಿಟ್ಟುಕೊಂಡು ಹೋಗಿ, ಇಲ್ಲದಿದ್ದರೆ ಮಧ್ಯಾಹ್ನದವರೆಗೂ ಫೋನಿನಲ್ಲಿ ಊರವರನ್ನು ಕರೆಯುತ್ತ ನಿಲ್ಲಬೇಕಾಗುತ್ತದೆ. ವಕೀಲರ ಶುಲ್ಕ ಕೊಡಲಾಗದ ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಆದಾಯ ಕಡಿಮೆ ಇರುವವರಿಗೆ ಕೋರ್ಟು ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.

ತುಂಬ ಹಳೆಯ ಕೇಸು ತಾನಾಗಿ ಬಿದ್ದುಹೋಗುತ್ತದೆ ಅನ್ನುವ ಮಾತಿನಲ್ಲಿ ಅರ್ಧ ಸತ್ಯ ಇದೆ. ಬರೀ ದಂಡದ ಶಿಕ್ಷೆ ಇರುವ ಅಪರಾಧವನ್ನು ಕೋರ್ಟು ವಿಚಾರಣೆಗೆ ತೆಗೆದುಕೊಳ್ಳಲು ಆರು ತಿಂಗಳ ಗಡುವಿದೆ. ಹಿಂದೆ ಅಪರಾಧ ವಿಚಾರಣೆಯ ಹಳೇ ಕಾನೂನು ಸಿಆರ್‌ಪಿಸಿ 468ರಲ್ಲಿತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ 514ರಲ್ಲಿದೆ. ವಿಳಂಬವನ್ನು ಮನ್ನಿಸುವ ಅಧಿಕಾರವೂ ಕೋರ್ಟಿಗಿದೆ. ಸೆರೆವಾಸದ ಶಿಕ್ಷೆಯೂ ಇರುವ ಅಪರಾಧಕ್ಕೆ ಗಡುವು ಹೆಚ್ಚು. ಮುಖ್ಯವಾಗಿ, ಇದು ನ್ಯಾಯಾಧೀಶರ ಮುಂದೆ ವಕೀಲರು ಎತ್ತಬೇಕಾದ ಅಂಶ. ಆ್ಯಪ್‌ನಲ್ಲಿರುವ ಬಾಕಿ ಪಟ್ಟಿ ಇದನ್ನು ಲೆಕ್ಕ ಹಾಕಿ ಅಳಿಸಿಕೊಳ್ಳುವುದಿಲ್ಲ.

ರಾಜಿಯಾಗಬಲ್ಲ ಕೇಸು ಹಲವು ಇದ್ದರೆ ಲೋಕ ಅದಾಲತ್ ಒಳ್ಳೆಯ ದಾರಿ. ರಾಷ್ಟ್ರೀಯ ಲೋಕ ಅದಾಲತ್ ವರ್ಷಕ್ಕೆ ನಾಲ್ಕು ಬಾರಿ ನಡೆಯುತ್ತದೆ, ಕೋರ್ಟು ಶುಲ್ಕ ಇಲ್ಲ, ಅಲ್ಲಿ ಆದ ತೀರ್ಪಿಗೆ ಮೇಲ್ಮನವಿ ಇಲ್ಲ. ಆ ದಿನ ಬೆಳಿಗ್ಗೆ ಹೋಗಿ ನಿಂತರೆ ಕೇಸು ಬರುವುದಿಲ್ಲ. ಒಂದೆರಡು ವಾರ ಮೊದಲೇ ಪ್ರಾಧಿಕಾರದ ಕಚೇರಿಗೆ ಕೇಸ್ ನಂಬರ್ ಕೊಟ್ಟು ಪಟ್ಟಿಗೆ ಸೇರಿಸಿಸಬೇಕು.

ಡಿಎಲ್ ವಿಷಯ

ಪೊಲೀಸರು ಡಿಎಲ್ ತೆಗೆದುಕೊಂಡಾಗ ಒಂದು ಸ್ವೀಕೃತಿ ಚೀಟಿ ಕೊಡಬೇಕು. ಆ ಚೀಟಿಯನ್ನು ಮಡಚಿ ಪರ್ಸಿಗೆ ಹಾಕುವ ಮುಂಚೆ ಯಾವ ಕಲಂ ಬರೆದಿದ್ದಾರೆ ಅಂತ ಓದಿ. 206ನೇ ಕಲಂನಲ್ಲೇ ಎರಡು ಬಗೆಯ ಚೀಟಿ ಇವೆ, ನೋಡಲು ಒಂದೇ ಥರ. ಆರೋಪಿ ಸಮನ್ಸ್ ತಪ್ಪಿಸಿಕೊಂಡಾನು ಅಂತ 206ರ ಎರಡನೇ ಉಪಕಲಂ ಅಡಿ ಡಿಎಲ್ ತೆಗೆದುಕೊಂಡಿದ್ದರೆ ಅದು ಕೋರ್ಟಿಗೆ ಹೋಗುತ್ತದೆ. ಆ ಚೀಟಿ ಹಿಡಿದು ಡಿಎಲ್ ವಾಪಸ್ ಬರುವವರೆಗೆ ಅಥವಾ ಚೀಟಿಯಲ್ಲಿ ಬರೆದ ದಿನಾಂಕದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಗಾಡಿ ಓಡಿಸಬಹುದು. ನಾಲ್ಕನೇ ಉಪಕಲಂ ಅಡಿ ತೆಗೆದುಕೊಂಡಿದ್ದರೆ ಡಿಎಲ್ ಆರ್‌ಟಿಒಗೆ ಹೋಗುತ್ತದೆ, ಆ ಚೀಟಿ ಓಡಿಸುವ ಹಕ್ಕು ಕೊಡುವುದಿಲ್ಲ ಅಂತ ಕಾಯ್ದೆಯೇ ಹೇಳಿದೆ. ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಓಡಿಸಿದ್ದು, ಬೈಕಿನಲ್ಲಿ ಮೂವರು, ಹೆಲ್ಮೆಟ್ ಇಲ್ಲದ್ದು, ಆಂಬುಲೆನ್ಸ್‌ಗೆ ದಾರಿ ಬಿಡದ್ದು ಈ ನಾಲ್ಕನೇ ಉಪಕಲಂಗೆ ಬರುತ್ತವೆ. ಸಿಗ್ನಲ್ ಜಿಗಿದದ್ದು, ಮೊಬೈಲ್ ಹಿಡಿದು ಓಡಿಸಿದ್ದು, ಎದುರು ದಿಕ್ಕಿನಲ್ಲಿ ಬಂದದ್ದು 2019ರಿಂದ ಅಪಾಯಕಾರಿ ಚಾಲನೆಯ ವಿವರಣೆಯೊಳಗೇ ಸೇರಿವೆ. ಚೀಟಿ ಇದೆಯಲ್ಲ ಅಂತ ಬಿ.ಎಚ್. ರಸ್ತೆಯಲ್ಲಿ ಧೈರ್ಯವಾಗಿ ಹೋಗುವವರು ಕೈಯಲ್ಲಿರುವುದು ಯಾವ ಚೀಟಿ ಅಂತ ದಯವಿಟ್ಟು ನೋಡಿಕೊಳ್ಳಿ.

ಆರ್‌ಟಿಒಗೆ ಡಿಎಲ್ ಹೋದ ಮೇಲೆ ಅವರು ನೇರವಾಗಿ ಅಮಾನತು ಮಾಡುವಂತಿಲ್ಲ. 19ನೇ ಕಲಂ ಪ್ರಕಾರ ನಿಮ್ಮ ಮಾತು ಕೇಳಬೇಕು. ಅದಕ್ಕಾಗಿ ಕಾರಣ ಕೇಳುವ ನೋಟಿಸ್ ಬರುತ್ತದೆ, ಡಿಎಲ್‌ನಲ್ಲಿರುವ ವಿಳಾಸಕ್ಕೆ. ಬಾಡಿಗೆ ಮನೆ ಬದಲಾಯಿಸಿ ವಿಳಾಸ ತಿದ್ದಿಸದವರು ಇದನ್ನು ಕಾಣುವುದೇ ಇಲ್ಲ, ಆದೇಶ ಆದ ಮೇಲೆ ಗೊತ್ತಾಗುತ್ತದೆ. ಆದ್ದರಿಂದ ಡಿಎಲ್ ಕೈಬಿಟ್ಟ ದಿನದಿಂದ ವಾರಕ್ಕೊಮ್ಮೆ ಡಿಎಲ್ ದಾಖಲೆ ಇರುವ ಸಾರಥಿ ಪೋರ್ಟಲ್‌ನಲ್ಲಿ ಸ್ಥಿತಿ ನೋಡಿ, ಹತ್ತು ಹದಿನೈದು ದಿನವಾದರೂ ಸುದ್ದಿ ಇಲ್ಲದಿದ್ದರೆ ಚೀಟಿ ಹಿಡಿದು ಕಚೇರಿಯ ಟಪಾಲು ವಿಭಾಗದಲ್ಲಿ ಡಿಎಲ್ ತಲುಪಿದೆಯೇ ಕೇಳಿ. ಬೆಂಗಳೂರಿನಲ್ಲಿ ಹಿಡಿದ ಡಿಎಲ್ ತುಮಕೂರಿನದಾದರೆ ಅದು ಯಾವ ಕಚೇರಿಗೆ ಹೋಯಿತು ಅನ್ನುವುದನ್ನು ಹಿಡಿದ ಠಾಣೆಯಲ್ಲೇ ಪತ್ರ ಸಂಖ್ಯೆ, ದಿನಾಂಕದ ಸಮೇತ ಬರೆಸಿಕೊಳ್ಳಬೇಕು. ಆ ಸಂಖ್ಯೆ ಇಲ್ಲದೆ ಟಪಾಲಿನ ರಾಶಿಯಲ್ಲಿ ಕಾರ್ಡ್ ಹುಡುಕಿಸುವುದು ಬಹಳ ಕಷ್ಟ.

ನೋಟಿಸಿಗೆ ಉತ್ತರ ಬರೆಯುವಾಗ ಕ್ಷಮೆ ಕೇಳುವುದಷ್ಟೇ ಸಾಲದು. ಎಷ್ಟು ವರ್ಷದಿಂದ ಡಿಎಲ್ ಇದೆ, ಹಿಂದೆ ಇಂಥ ಕೇಸು ಇದೆಯೇ ಇಲ್ಲವೇ, ಚಾಲನೆಯೇ ಜೀವನಾಧಾರವೇ, ಫೋಟೋದಲ್ಲಿ ಏನಾದರೂ ತಪ್ಪಿದೆಯೇ, ಇವನ್ನು ದಾಖಲೆ ಸಮೇತ ಕೊಡಿ. ಬಿಟ್ಟುಬಿಡುವ ಅಧಿಕಾರವೂ ಆ ಅಧಿಕಾರಿಗಿದೆ. ಬಿಡದಿದ್ದರೆ ಮೊದಲ ಸಲಕ್ಕೆ ಮೂರು ತಿಂಗಳು ಅನರ್ಹತೆ, ಎರಡನೇ ಸಲವಾದರೆ ಡಿಎಲ್ಲೇ ರದ್ದು. ಆದೇಶ ಕೈಗೆ ಬಂದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಆದೇಶದ ಪ್ರತಿಯನ್ನು ಸಹಿ ಹಾಕಿ ತೆಗೆದುಕೊಂಡ ದಿನದಿಂದ ಲೆಕ್ಕ, ಹಾಗಾಗಿ ದಿನಾಂಕವನ್ನು ನೀವೂ ಬರೆದಿಟ್ಟುಕೊಳ್ಳಿ.

ಮೂರು ತಿಂಗಳು ಮುಗಿದ ಮಾತ್ರಕ್ಕೆ ಡಿಎಲ್ ಮನೆಗೆ ಬರುವುದಿಲ್ಲ. ಚಾಲಕರ ರಿಫ್ರೆಶರ್ ತರಬೇತಿ ಮುಗಿಸಿದ ಪ್ರಮಾಣಪತ್ರ ಕೊಟ್ಟರೆ ಮಾತ್ರ ವಾಪಸ್ ಅಂತ 19ನೇ ಕಲಂ ಹೇಳುತ್ತದೆ. ಇದನ್ನು ಕೊನೆಯ ವಾರಕ್ಕೆ ಬಿಟ್ಟರೆ ಇನ್ನಷ್ಟು ದಿನ ಹೋಗುತ್ತದೆ. ಅಮಾನತಿನ ಮೊದಲ ತಿಂಗಳಲ್ಲೇ ಆರ್‌ಟಿಒ ಕಚೇರಿಯಲ್ಲಿ ಯಾವ ಸಂಸ್ಥೆಯ ಪ್ರಮಾಣಪತ್ರ ಒಪ್ಪುತ್ತೀರಿ ಅಂತ ಕೇಳಿ, ಆಮೇಲೆ ಶುಲ್ಕ ಕಟ್ಟಿ. ಊರಿನ ಯಾವುದೋ ಡ್ರೈವಿಂಗ್ ಸ್ಕೂಲಿನ ಸೀಲು ಹಾಕಿದ ಕಾಗದ ನಡೆಯುತ್ತದೆ ಅಂತ ಏಜೆಂಟ್ ಹೇಳಿದರೆ ಅದನ್ನು ಕೌಂಟರಿನಲ್ಲಿ ಖಚಿತಪಡಿಸಿಕೊಳ್ಳದೆ ಹಣ ಕೊಡಬೇಡಿ.

ಈ ಅವಧಿಯಲ್ಲಿ ಇನ್ನೊಂದು ಆರ್‌ಟಿಒದಲ್ಲಿ ಹೊಸ ಡಿಎಲ್ ಮಾಡಿಸಿಕೊಡುತ್ತೇನೆ ಅನ್ನುವವರನ್ನು ಹತ್ತಿರ ಸೇರಿಸಬೇಡಿ. ಅನರ್ಹತೆ ಇರುವಾಗ ಡಿಎಲ್ ಇಟ್ಟುಕೊಳ್ಳುವುದೂ ಪಡೆಯುವುದೂ ಎರಡೂ ನಿಷಿದ್ಧ. ಗಾಡಿ ಓಡಿಸಿ ಸಿಕ್ಕಿಬಿದ್ದರೆ 182ನೇ ಕಲಂ, ಮೂರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಅದೂ ದೊಡ್ಡದಲ್ಲ. ಅಪಘಾತವಾದರೆ ಇರುವುದು ನಿಜವಾದ ಪೆಟ್ಟು. ಅನರ್ಹನಾದವನು ಓಡಿಸುತ್ತಿದ್ದ ಅನ್ನುವುದು ವಿಮಾ ಕಂಪನಿಗೆ 150ನೇ ಕಲಂ ಕೊಟ್ಟಿರುವ ಬಲವಾದ ತಕರಾರು. ಗಾಯಗೊಂಡವರಿಗೆ ಪರಿಹಾರ ಕೊಡಿಸಿದರೂ ಕಂಪನಿ ಆ ಹಣವನ್ನು ಗಾಡಿ ಮಾಲೀಕರಿಂದ ವಸೂಲಿ ಮಾಡಲು ಬರಬಹುದು. ಲಕ್ಷಗಟ್ಟಲೆ ಪರಿಹಾರದ ಹೊರೆ, ಹೊಲ ಮಾರಿದರೂ ತೀರದ ಹೊರೆ. ಮೂರು ತಿಂಗಳು ಕೆಎಸ್‌ಆರ್‌ಟಿಸಿ ಬಸ್ಸು, ರೈಲು, ಪರಿಚಯದವರ ಗಾಡಿಯ ಹಿಂದಿನ ಸೀಟು ಸಾಕು.

ಅಮಾನತಿನ ನಡುವೆಯೇ ಡಿಎಲ್ ಅವಧಿ ಮುಗಿಯುವುದು ಇನ್ನೊಂದು ತೊಡಕು. ಮೊದಲಿದ್ದ 30 ದಿನದ ರಿಯಾಯಿತಿ 2019ರ ತಿದ್ದುಪಡಿಯಲ್ಲಿ ಹೋಯಿತು, ಕಾರ್ಡಿನ ಮೇಲಿನ ದಿನಾಂಕವೇ ಕೊನೆ. ಅವಧಿ ಮುಗಿದು ಒಂದು ವರ್ಷದೊಳಗೆ ನವೀಕರಿಸಿದರೆ ಚಾಲನಾ ಪರೀಕ್ಷೆ ಬೇಕಿಲ್ಲ, ಅದನ್ನು ದಾಟಿದರೆ ಮತ್ತೆ ಟ್ರ್ಯಾಕಿನಲ್ಲಿ ಓಡಿಸಿ ತೋರಿಸಬೇಕು. ನಲವತ್ತು ದಾಟಿದವರು ವೈದ್ಯರಿಂದ ನಮೂನೆ 1-ಎ ತುಂಬಿಸಿಕೊಳ್ಳಬೇಕು. ಅಮಾನತು ತೆರವಾಗದೆ ನವೀಕರಣದ ಅರ್ಜಿ ಮುಂದೆ ಹೋಗುವುದಿಲ್ಲ, ಆದ್ದರಿಂದ ಎರಡರ ದಿನಾಂಕವನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡು ಲೆಕ್ಕ ಹಾಕಿ.

ಮಾರಿದ ಗಾಡಿಯ ಕೇಸು

ಮೂರು ವರ್ಷದ ಹಿಂದೆ ಮಾರಿದ ಸ್ಕೂಟರಿನ ದಂಡ ಇವತ್ತು ನಿಮ್ಮ ಮೊಬೈಲಿಗೆ ಬರುತ್ತಿದ್ದರೆ ಹೆಸರು ಬದಲಾವಣೆ ಆಗಿಲ್ಲ ಅಂತಲೇ ಅರ್ಥ. ಸಹಿ ಹಾಕಿದ ಖಾಲಿ ನಮೂನೆ 29 ಮತ್ತು 30 ಕೊಟ್ಟು ಕೈತೊಳೆದುಕೊಂಡವರಿಗೆ ಇದು ಸಾಮಾನ್ಯ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ ಸುಪ್ರೀಂ ಕೋರ್ಟು 2018ರಲ್ಲಿ ಖಚಿತವಾಗಿ ಹೇಳಿದೆ. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅನ್ನುವುದು 50ನೇ ಕಲಂ. ಈಗಲಾದರೂ ಕೊಂಡವರನ್ನು ಹುಡುಕಿ, ಮಾರಾಟದ ಒಪ್ಪಂದ, ಹಣ ಬಂದ ಬ್ಯಾಂಕ್ ದಾಖಲೆ, ಅವರ ಗುರುತಿನ ಚೀಟಿ ಪ್ರತಿ ಸೇರಿಸಿ ಆರ್‌ಟಿಒಗೂ ಸಂಚಾರ ಠಾಣೆಗೂ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮಾರಾಟದ ದಿನಾಂಕದ ನಂತರದ ಕೇಸುಗಳನ್ನು ಅರ್ಜಿಯಲ್ಲಿ ಒಂದೊಂದಾಗಿ ನಂಬರ್ ಸಮೇತ ಬರೆಯಿರಿ.

ಡಿಎಲ್ ಕಾರ್ಡು ಕೈಗೆ ಬಂದ ದಿನ ಒಂದು ಕೆಲಸ ಬಾಕಿ ಇರುತ್ತದೆ. ಕಾರ್ಡು ಕೊಟ್ಟಿರುತ್ತಾರೆ, ಸಾರಥಿಯಲ್ಲಿ ಮಾತ್ರ ಇನ್ನೂ ಸಸ್ಪೆಂಡೆಡ್ ಅಂತಲೇ ಇರುತ್ತದೆ. ರಸ್ತೆಯಲ್ಲಿ ನಿಲ್ಲಿಸಿದ ಪೊಲೀಸರ ಕೈಯಲ್ಲಿರುವ ಯಂತ್ರಕ್ಕೆ ಕಾಣುವುದು ಸಾರಥಿ. ಹಾಗಾಗಿ ಕಚೇರಿಯ ಬಾಗಿಲು ದಾಟುವ ಮೊದಲೇ ಮೊಬೈಲಿನಲ್ಲಿ ಡಿಎಲ್ ನಂಬರ್, ಜನ್ಮದಿನಾಂಕ ಹಾಕಿ ನೋಡಿ. ಆ್ಯಕ್ಟಿವ್ ಅಂತ ಬಂದಿಲ್ಲದಿದ್ದರೆ ಅದೇ ಕೌಂಟರಿಗೆ ವಾಪಸ್ ಹೋಗಿ ಸರಿಪಡಿಸಲು ಹೇಳಿ. ಇವತ್ತು ಸಾಧ್ಯವಿಲ್ಲ ಅಂದರೆ ಅಮಾನತು ಇಂಥ ದಿನ ಮುಗಿದಿದೆ ಅಂತ ಹಿಂಬರಹ ಬರೆಸಿಕೊಂಡು, ಆ್ಯಕ್ಟಿವ್ ಅಂತ ಬರುವ ತನಕ ಆ ಕಾಗದವನ್ನು ಗಾಡಿಯಲ್ಲೇ ಇಟ್ಟುಕೊಳ್ಳಿ.